ಯಾರಿಗೂ ಬಾಕಿಯಿಲ್ಲದ ಜವರ

ಎಪ್ಪತ್ತೆರಡನೇ ಇಸವಿಯ ಚಳಿಗಾಲದಲ್ಲಿ ವೀರನಹೊಸಹಳ್ಳಿಯ ಕಾಡಂಚಿಗೆ ಇಳಿದ ಮಂಜು ಎಷ್ಟು ದಪ್ಪಗಿತ್ತೆಂದರೆ, ಜವರ ತನ್ನ ಕಂಬಳಿಯನ್ನು ಅದರ ಮೇಲೆಯೇ ಹರವಿ, ಅದಕ್ಕೇ ಏಣಿ ಆನಿಸಿ ಹತ್ತಿ, ಮುಗಿಲಿಗೆ ಕಟ್ಟಿದ್ದ ಹೆಜ್ಜೇನನ್ನು ಇಳಿಸಿಕೊಂಡು ಬಂದ. ಸೋರಿದ ಜೇನುತುಪ್ಪವೇ ಹುಣಸೂರಿನವರೆಗೂ ಹರಿದು ಲಕ್ಷ್ಮಣತೀರ್ಥ ಹೊಳೆ ವಾರಗಟ್ಟಲೆ ಸಿಹಿಯಾಗಿತ್ತು. ನಂಬದವರು ಹೋಗಿ ಹೊಳೆಯ ಮೀನುಗಳನ್ನು ಕೇಳಬಹುದು.

ಇಂಥ ಗಂಡಾಳಿಗೆ ಒಂದು ಜೊತೆ ಎತ್ತು ಸಿಗಲಿಲ್ಲ. ಇದನ್ನು ಮಾತ್ರ ನಂಬಲೇಬೇಕು.

ಜವರ ಹುಟ್ಟಿ ಬೆಳೆದದ್ದು ಕಾಡಿನೊಳಗಿನ ಹಾಡಿಯಲ್ಲಿ, ಜೇನು ಕೀಳುವವರ ಗುಡಿಸಲುಗಳ ನಡುವೆ. ಹೆಂಡತಿ ಕೇತಿಯನ್ನು ಕರೆದುಕೊಂಡು ಕಾಡಂಚಿನ ಈ ಹೊಸ ಹಾಡಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸರ್ಕಾರದಿಂದ ಎರಡು ಎಕರೆ ನೆಲ ಸಿಕ್ಕಿತ್ತು. ಬರುವ ಮುಂಗಾರಿಗೆ ಉತ್ತು ಬಿತ್ತಿದರೆ ನೆಲ ಅವನದು. ಬೀಳು ಬಿಟ್ಟರೆ ಇನ್ನೊಬ್ಬರ ಪಾಲು. ಗುದ್ದಲಿಯಲ್ಲೇ ಅಗೆಯೋಣವೆಂದರೆ ಲಂಟಾನದ ಬೇರು ಹೆಣೆದುಕೊಂಡ ನೆಲ ಅದು. ಕೇತಿ ಎತ್ತಿ ಹಾಕಿದ ಮೊದಲ ಏಟಿಗೇ ಗುದ್ದಲಿಯ ಕಾವು ಮುರಿದಿತ್ತು.

ಎತ್ತುಗಳು ಜವರನ ಕನಸಿಗೆ ಬರುತ್ತಿದ್ದವು. ಮಂಜಿನೊಳಗಿಂದ ಮೊದಲು ಗೆಜ್ಜೆಯ ಸದ್ದು, ಆಮೇಲೆ ಕೊಂಬು, ಆಮೇಲೆ ಹಾಲುಬಣ್ಣದ ಎರಡು ಮೈ. ತೇಲಿಕೊಂಡು ಬಂದು ಅವನ ಮುಂದೆ ನಿಂತು, "ನೀನು ಯಾರಯ್ಯ?" ಎಂದು ಕೇಳುತ್ತಿದ್ದವು. ಅವನು ಬಾಯಿ ತೆರೆಯುವಷ್ಟರಲ್ಲಿ ಮಂಜು ಕರಗುತ್ತಿತ್ತು, ಎತ್ತುಗಳೂ ಕರಗುತ್ತಿದ್ದವು.

ಎತ್ತಿಗೆ ಸಾಲ ಕೇಳಲು ಹೋದರೆ ಎಚ್ಚರದಲ್ಲೂ ಎಲ್ಲರೂ ಅದನ್ನೇ ಕೇಳುತ್ತಿದ್ದರು. ಕೊನೆಗೆ ಅವನು ಸಹಕಾರ ಸಂಘದ ಜಗಲಿ ಹತ್ತಿ, ಕಾರ್ಯದರ್ಶಿ ಕಂಠಪ್ಪನವರ ಮುಂದೆ ಕೈಕಟ್ಟಿ ನಿಂತ.

"ಹಿಂದೆ ಯಾರ ಹತ್ರಾನಾದ್ರೂ ಸಾಲ ಇಸ್ಕೊಂಡಿದ್ದೀಯೇನಯ್ಯ?" ಎಂದರು ಕಂಠಪ್ಪ.

ಜವರನ ಎದೆ ಉಬ್ಬಿತು. "ಇಲ್ಲ ಬುದ್ಧಿ! ನಾನೂ ಇಸ್ಕೊಂಡಿಲ್ಲ, ನಮ್ಮಪ್ಪನೂ ಇಸ್ಕೊಂಡಿಲ್ಲ, ನಮ್ ತಾತನೂ ಇಸ್ಕೊಂಡಿಲ್ಲ. ಯಾರ್ಗೂ ಒಂದ್ ಕಾಸು ಬಾಕಿ ಇಲ್ಲ."

"ಅಲ್ಲೇ ಕಣಯ್ಯ ತೊಂದ್ರೆ."

"ಬಾಕಿ ಇಲ್ದೆ ಇರೋದು ತೊಂದ್ರೆಯಾ ಬುದ್ಧಿ?"

"ಇಸ್ಕೊಂಡಿದ್ರೆ ತಾನೇ ತಿರುಗಿ ಕೊಡ್ತೀಯೋ ಇಲ್ವೋ ಗೊತ್ತಾಗೋದು? ನೀನು ಒಳ್ಳೇವ್ನೇ ಇರಬೌದು. ಆದ್ರೆ ಸಂಘದ ದುಡ್ಡು ನಂದಲ್ಲ, ಊರೋರ್ದು. ಗುರ್ತಿಲ್ದೋನಿಗೆ ಒಂದೇ ಸಲಕ್ಕೆ ಎತ್ತಿನ ಸಾಲ ಕೊಟ್ರೆ ಊರೋರು ನನ್ನ ಸುಮ್ನೆ ಬುಟ್ಟಾರಾ?"

ಜಗಲಿಯ ಮೇಲೆ ಗೊಬ್ಬರದ ಮೂಟೆಗೆ ಒರಗಿ ಎಲೆಯಡಿಕೆ ಮಡಚುತ್ತಿದ್ದ ಗುರುಶಾಂತಮ್ಮ ನಕ್ಕರು. ಕಂಪಲಾಪುರದಿಂದ ಈ ಊರಿಗೆ ಸೊಸೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ತಾವೇ ಹೊಗೆಸೊಪ್ಪು ಬೆಳೆದು ಸಂಘದಲ್ಲಿ ಹೆಸರು ಗಳಿಸಿದವರು. ಅವರು ನಕ್ಕರೆ ಪಿರಿಯಾಪಟ್ಟಣದ ಕೋಟೆಯ ಕಲ್ಲು ಉದುರುತ್ತಿತ್ತು.

"ಲೋ ಜವರ, ಬಾವಿಗೆ ಹೊಸ ಹಗ್ಗ ತಂದ್ರೆ ಮೊದ್ಲು ಏನ್ಲಾ ಇಳಿಸ್ತೀಯ? ಚೊಂಬೋ, ಕೊಪ್ಪರಿಗೆಯೋ?"

"ಚೊಂಬು ಅವ್ವಾರೇ."

"ಯಾಕ್ಲಾ?"

"ಹಗ್ಗ ತಡೀತದೋ ಇಲ್ವೋ ನೋಡಾಕೆ."

"ನೀನೂ ಈ ಊರ್ಗೆ ಹೊಸ ಹಗ್ಗ ಕಣ್ಲಾ. ಮೊದ್ಲು ಚೊಂಬಿನಷ್ಟು ಇಸ್ಕೊ. ಹೇಳಿದ ದಿನಕ್ಕೆ ಕಟ್ಟು. ಕೊಪ್ಪರಿಗೆ ಆಮೇಲೆ ಬತ್ತದೆ."

ದಾರಿಯನ್ನೂ ಅವರೇ ಹೇಳಿಕೊಟ್ಟರು. ಷೇರು ಹಣ ಕಟ್ಟಿ ಸಂಘದ ಸದಸ್ಯನಾಗಬೇಕು. ಜೇನು ತುಂಬುವ ಡಬ್ಬ ಕೊಳ್ಳಲು ಸಣ್ಣ ಸಾಲ ಕೇಳಬೇಕು. ಡಬ್ಬವಿಲ್ಲದೆ ಜವರ ಹಾಡಿಗೆ ಬರುವ ದಲ್ಲಾಳಿಗೆ ಬಂದ ಬೆಲೆಗೆ ಜೇನು ಸುರಿಯುತ್ತಿದ್ದ. ಡಬ್ಬವಿದ್ದರೆ ಹುಣಸೂರಿಗೇ ಒಯ್ದು ಮಾರಬಹುದು. ಯುಗಾದಿ ಕಳೆದ ಹುಣ್ಣಿಮೆಗೆ ಅಸಲು, ಬಡ್ಡಿ ಎರಡನ್ನೂ ತೀರಿಸಬೇಕು. ಜಾಮೀನಿಗೆ ಯಾರು ಎಂದು ಕಂಠಪ್ಪ ಕೇಳಿದಾಗ ಗುರುಶಾಂತಮ್ಮ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಇಸಿದುಕೊಂಡರು.

"ನೋಡ್ಲಾ, ಇದು ಬರೀ ರುಜು ಅಲ್ಲ, ನನ್ನ ಮಾನ. ನೀನು ತಪ್ಪಿದ್ರೆ ನನ್ನ ಹೊಗೆಸೊಪ್ಪಿನ ಸಾಲಕ್ಕೂ ಕತ್ರಿ ಬೀಳ್ತದೆ."

ಹಾಡಿಯಲ್ಲಿ ಕೇತಿ ನೋಟುಗಳನ್ನು ಕಂಡು ಹಾವು ಕಂಡವಳಂತೆ ಹಿಂದೆ ಸರಿದಳು. "ತಾತನ ಕಾಲ್ದಿಂದ ಇಲ್ದ ರೋಗ ನಿಂಗ್ಯಾಕೆ ಬಂತು? ಸಾಲ ಅಂದ್ರೆ ರಕ್ತ ಕುಡಿಯೋ ಉಣ್ಣೆಹುಳ ಕಣ. ಹತ್ತಿದ್ರೆ ಬುಡಾಕಿಲ್ಲ."

"ನೀ ಸುಮ್ಕಿರು. ಹೆಂಗೆ ತಿರುಗಿ ಕೊಡ್ತೀನಿ ನೋಡು," ಎಂದ ಜವರ.

ಅವರ ಜನದಲ್ಲಿ ಒಂದು ನೇಮವಿತ್ತು. ಕಾಡಿನಲ್ಲಿ ಜೇನು ಕಂಡವನು ಮರದ ಬುಡಕ್ಕೆ ಸೊಪ್ಪಿನ ಗಂಟು ಕಟ್ಟಿ ಹೋದರೆ ಮುಗಿಯಿತು. ಆ ಜೇನು ಅವನದು. ಹಸಿದವನೂ ಅದನ್ನು ಮುಟ್ಟನು. ಜವರ ನೋಟುಗಳನ್ನು ತಿರುಗಿಸಿ ನೋಡಿದ. ಮೇಲೆ ಯಾರದೋ ಗುರುತು, ಯಾರದೋ ರುಜು. ಗುರುತಿರುವ ಮೇಲೆ ಮುಟ್ಟುವುದುಂಟೇ? ತಿರುಗಿ ಕೊಡುವುದೇ ಪರೀಕ್ಷೆಯಾದರೆ, ಮುಟ್ಟದೆ ಇಡುವುದಕ್ಕಿಂತ ನೇರವಾದ ದಾರಿ ಯಾವುದು? ಬಿದಿರಿನ ಕೊಳವೆಯಲ್ಲಿ ನೋಟು ತುರುಕಿ, ಬಾಯಿಗೆ ಜೇನುಮೇಣ ಮೆತ್ತಿ, ಸೊಪ್ಪಿನ ಗಂಟು ಕಟ್ಟಿ ಗುಡಿಸಲಿನ ತೊಲೆಗೆ ತೂಗುಹಾಕಿದ.

ದಿನಗಳು ತೂಕಡಿಸುತ್ತ ಸಾಗಿದವು. ಮುತ್ತುಗದ ಹೂ ಕಾಡಿಗೆಲ್ಲ ಕೆಂಪು ದೀಪ ಹಚ್ಚಿತು. ಹೊಂಗೆಯ ನೆರಳಿನಲ್ಲಿ ಜೇನುಹುಳದ ಗುಂಯ್‌ಗುಟ್ಟುವಿಕೆ ಕೇಳುತ್ತ ಜವರ ಕಣ್ಣು ಮುಚ್ಚಿದರೆ ಎತ್ತುಗಳು ಒಂದು ಹೆಜ್ಜೆ ಹತ್ತಿರ ಬಂದಂತೆ ಕಾಣುತ್ತಿದ್ದವು. ತೆಗೆದ ಜೇನು ಮಾತ್ರ ಎಂದಿನಂತೆ ದಲ್ಲಾಳಿಯ ಪಾಲಾಗುತ್ತಿತ್ತು.

ಯುಗಾದಿಯ ಹಿಂದಿನ ದಿನ ಗುರುಶಾಂತಮ್ಮ ಹಾಡಿಗೇ ಬಂದುಬಿಟ್ಟರು.

"ಎಲ್ಲೋ ಡಬ್ಬ?"

ಜವರ ಹೆಮ್ಮೆಯಿಂದ ಬಿದಿರು ಇಳಿಸಿ ಮೇಣ ಬಿಡಿಸಿದ. "ನೋಡಿ ಅವ್ವಾರೇ, ಕೊಟ್ಟಂಗೇ ಅದೆ. ಒಂದ್ ನೊಣ ಕೂರಾಕೂ ಬುಟ್ಟಿಲ್ಲ."

ಗುರುಶಾಂತಮ್ಮ ಹಣೆ ಚಚ್ಚಿಕೊಂಡು ಜಗಲಿಯ ಮೇಲೆ ಕೂತರು. "ಅಯ್ಯೋ ನನ್ನಪ್ಪಾ! ಬಡ್ಡಿ ಎಲ್ಲಿಂದ ತತ್ತೀಯ? ಬಿದಿರೊಳಗೆ ನೋಟೇನು ಮರಿ ಹಾಕಿದ್ಯಾ?"

ಕೇತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಜವರನ ಮುಖ ಸಣ್ಣದಾಯಿತು. "ಊರೋರ ದುಡ್ಡು ಅಂದ್ರಲ್ಲ ಅವ್ವಾರೇ. ಬ್ಯಾರೇವ್ರದ್ದು ಹೆಂಗೆ ಮುಟ್ಟಾದು?"

ಆಗ ಗುರುಶಾಂತಮ್ಮನವರ ದನಿ ಮೆತ್ತಗಾಯಿತು. "ಬಿತ್ನೆ ರಾಗಿ ಇಸ್ಕೊಂಡೋನು ಅದೇ ಕಾಳ್ನ ವಾಪಸ್ ತಂದ್ಕೊಡ್ತಾನೇನಪ್ಪ? ಬಿತ್ತಿ, ಬೆಳೆದು, ಬ್ಯಾರೆ ಕಾಳು ಅಳೀತಾನೆ. ದುಡ್ಡೂ ಅಂಗೇ. ಯಾವ ಕೆಲ್ಸಕ್ಕೆ ಅಂತ ತಂದ್ಯೋ ಆ ಕೆಲ್ಸಕ್ಕೇ ಹಾಕ್ಬೇಕು. ಕುಡಿಯಾಕೂ ಅಲ್ಲ, ತೂಗಾಕಾಕೂ ಅಲ್ಲ."

"ಈಗೇನ್ ಮಾಡಾದು?"

"ಹುಣ್ಣಿಮೆ ಇನ್ನೂ ಬಂದಿಲ್ಲ. ಎದ್ದೇಳು!"

ಎದ್ದವಳು ಕೇತಿ. ಹಬ್ಬ ಮುಗಿದ ಬೆಳಿಗ್ಗೆಯೇ ಇಬ್ಬರೂ ಹುಣಸೂರಿನ ಬಸ್ಸು ಹತ್ತಿದರು. ಡಬ್ಬ ತಂದರು. ಕೇತಿ ಜೇನು ಸೋಸಿ ತುಂಬಿದಳು. ಪೇಟೆಯ ಬೆಲೆ ಕೇಳಿ ಜವರನಿಗೆ ತಲೆ ತಿರುಗಿತು. ಇಷ್ಟು ವರ್ಷ ದಲ್ಲಾಳಿಯ ಮೀಸೆಗೆ ತುಪ್ಪ ಸವರಿದ್ದು ತಾನೇ ಎಂದು ಆಗ ಗೊತ್ತಾಯಿತು. ಹುಣ್ಣಿಮೆಗೆ ಮುಂಚೆಯೇ ದುಡ್ಡು ಕೂಡಿತು.

"ನಾಳೆ ನಾಡಿದ್ದು ಕಟ್ಟಿದ್ರಾಯ್ತು," ಎಂದ ಜವರ.

"ನಾಳೆ ಜ್ವರ ಬಂದ್ರೆ? ಕೈಯಲ್ಲಿರೋವಾಗ್ಲೇ ಕಟ್ಟು. ಆ ತಾಯಿ ಮಾನ ತೂಗ್ತಾ ಅದೆ," ಎಂದಳು ಕೇತಿ.

ದಾರಿಯಲ್ಲಿ ಒಂದು ಕಾಡಿನಷ್ಟು ಆನೆಗಳು ಅಡ್ಡ ನಿಂತಿದ್ದವು. "ವಾಯಿದೆ ಸಾಲ ಕಟ್ಟಾಕೆ ಹೊಂಟಿವ್ನಿ, ದಾರಿ ಬುಡ್ರಪ್ಪ," ಎಂದು ಜವರ ಹೇಳಿದ್ದೇ ತಡ, ಆನೆಗಳು ಸಾಲಾಗಿ ಸರಿದು ಸೊಂಡಿಲೆತ್ತಿ ಕೈಮುಗಿದವು!

ಕಂಠಪ್ಪ ಹಣ ಇಸಿದುಕೊಂಡು ರಸೀದಿ ಹರಿದು ಕೊಟ್ಟರು. "ಇದನ್ನ ಜೋಪಾನವಾಗಿ ಮಡಿಕೊ. ಇದನ್ನ ಬೇಕಾದ್ರೆ ತೊಲೆಗೆ ತೂಗುಹಾಕು," ಎಂದು ನಕ್ಕರು. ಆಮೇಲೆ, "ಕಮಿಟಿಯೋರಿಗೆ ನಾನೇ ಹೇಳ್ತೀನಿ. ಎತ್ತಿನ ಸಾಲಕ್ಕೆ ಅರ್ಜಿ ಹಾಕು. ಒಂದು ಗಾಡಿಗೂ ಸೇರಿಸಿ ಕೇಳ್ತೀಯೇನು?"

ಜವರನ ಕಣ್ಣ ಮುಂದೆ ಆಗಲೇ ಗಾಡಿ ಉರುಳಿತ್ತು. ಕೇತಿ ಅವನ ತೋಳು ಚಿವುಟಿದಳು. "ಎತ್ತಿಗೆ ಮಾತ್ರ ಸಾಕು ಬುದ್ಧಿ. ಹಸಿವು ಅಂತ ಮುದ್ದೇನ ಒಂದೇ ತುತ್ತಿಗೆ ನುಂಗಿದ್ರೆ ಗಂಟ್ಲು ಹಿಡೀತದೆ."

ಮೊದಲ ಮಳೆ ಬಿದ್ದ ಮಾರನೇ ಬೆಳಿಗ್ಗೆ ನೆಲದಿಂದ ಹಬೆಯೇಳುತ್ತಿತ್ತು. ಅದರೊಳಗೆ ಸಂಘದ ಸಾಲದಲ್ಲಿ ತಂದ ಎತ್ತುಗಳ ಬೆನ್ನು ಮಾತ್ರ ಕಾಣುತ್ತಿತ್ತು. ಜವರ ನೇಗಿಲ ಮೇಣಿ ಒತ್ತಿದ. ಮಣ್ಣಿನ ವಾಸನೆ ಮೂಗಿಗೆ ಬಡಿದಾಗ ಇದು ಕನಸೇ ಇರಬೇಕೆಂದು ತುಟಿ ಕಚ್ಚಿಕೊಂಡು ನೋಡಿದ. ನೋಯಿತು. ಅಷ್ಟರಲ್ಲಿ ಎತ್ತುಗಳಿಗೆ ರೆಕ್ಕೆ ಮೂಡಿ, ಕಣ್ಣು ಮಿಟುಕಿಸುವುದರೊಳಗೆ ಎರಡೂ ಎಕರೆ ಉತ್ತು, ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿಗೂ ಒಂದು ಸಾಲು ಎಳೆದು ಬಂದವು. ತೆಂಗಿನಕಾಯಿ ಗಾತ್ರದ ರಾಗಿ ತೆನೆ ಬಂತು.

ಆದ್ದರಿಂದ ಹೊಸ ಊರಿಗೆ ಬಂದು ನೆಲೆಯೂರುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಸಹಕಾರ ಸಂಘದ ಸದಸ್ಯರಾಗಿ. ಮೊದಲು ಸಣ್ಣ ಸಾಲ ಮಾಡಿ, ತಂದ ಕೆಲಸಕ್ಕೇ ಹಾಕಿ, ವಾಯಿದೆಗೆ ಮುಂಚೆ ಕಟ್ಟಿ ರಸೀದಿ ಪಡೆಯಿರಿ. ಕೊಡುತ್ತಾರೆಂದು ಬೇಕಾದ್ದಕ್ಕಿಂತ ಹೆಚ್ಚು ತರಬೇಡಿ. ಹೀಗೆ ಮಾಡಿದರೆ ನಿಮ್ಮ ಎತ್ತುಗಳಿಗೂ ರೆಕ್ಕೆ...

"ಏನಂದೆ? ಇನ್ನೊಂದ್ಸಲ ಅನ್ನು!"

ಕಥೆ ಹೇಳುವವನ ಬೆನ್ನ ಹಿಂದೆ ಮೊರ ಹಿಡಿದು ನಿಂತಿದ್ದವಳು ಕೇತಿ. "ನಮ್ ಎತ್ಗೆ ರೆಕ್ಕೆ ಯಾವಾಗ್ಲಾ ಬಂದಿದ್ದು? ಆನೆ ಯಾವಾಗ ಕೈಮುಗೀತು? ಇಂಗೆ ಬುರುಡೆ ಬುಟ್ರೆ, ಕೇಳ್ದೋರು ದಿಟಾನೂ ಸುಳ್ಳು ಅಂತಾರೆ ಕಣ್ಲಾ!"

ಕಥೆ ಹೇಳುವವನು ತಲೆ ಕೆರೆದುಕೊಂಡ. ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಆನೆ ಇರಲಿಲ್ಲ, ಅವತ್ತು ಬಸ್ಸು ಕೆಟ್ಟು ನಿಂತು ಗಂಡ ಹೆಂಡಿರು ಬಿಸಿಲಲ್ಲಿ ನಡೆದೇ ಸಂಘ ಸೇರಿದರು. ಎತ್ತುಗಳಲ್ಲಿ ಒಂದು ಮುದಿ, ಇನ್ನೊಂದು ಬಿಸಿಲೇರಿದರೆ ಮಲಗಿಬಿಡುತ್ತಿತ್ತು. ಉತ್ತ ಸಾಲು ಸೊಟ್ಟ. ಬಂದ ರಾಗಿ ವರ್ಷಕ್ಕಾಗುವುದಿರಲಿ, ಸಂಕ್ರಾಂತಿ ಕಳೆದ ಸ್ವಲ್ಪ ದಿನಕ್ಕೇ ಮುಗಿಯಿತು.

ಆದರೆ ನೆಲ ಬೀಳು ಬೀಳಲಿಲ್ಲ. ಎತ್ತಿನ ಸಾಲದ ಮೊದಲ ಕಂತನ್ನು ಜವರ ವಾಯಿದೆಗೆ ಮುಂಚೆಯೇ ಕಟ್ಟಿದ. ನಿಜ ಇಷ್ಟೇ. ಅವನಿಗೆ ಇಷ್ಟೇ ಸಾಕಾಯಿತು, ನಿಮಗೂ ಸಾಕು.