ಮೂರು ಮನೆಯ ಟೆಂಟು

ನಾನೊಂದು ಟೆಂಟು. ಸರಿಯಾಗಿ ಹೇಳಬೇಕೆಂದರೆ ಟೆಂಟಿನ ಬಟ್ಟೆ ಮಾತ್ರ. ನನ್ನ ಕಂಬಿಗಳು ಹನ್ನೊಂದು ವರ್ಷ ಬೇರೆ ಊರಿನಲ್ಲಿದ್ದವು, ಗೂಟಗಳು ಇನ್ನೊಬ್ಬರ ಮನೆಯಲ್ಲಿ. ಇಡೀ ಟೆಂಟಿನ ಪರವಾಗಿ ಮಾತಾಡುವ ಹಕ್ಕು ನನಗಿಲ್ಲ. ಬಟ್ಟೆಗೆ ತಿಳಿದಷ್ಟನ್ನು ಹೇಳುತ್ತೇನೆ.

ಹುಟ್ಟಿದ್ದು ಬೆಂಗಳೂರಿನ ಹೊರವಲಯದ ಒಂದು ಹೊಲಿಗೆ ಶೆಡ್ಡಿನಲ್ಲಿ. ಹೊಲಿದ ಹೆಂಗಸು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಪಕ್ಕದ ಮಿಷನ್ನಿನವಳಿಗೆ ನಾದಿನಿಯ ಸೀಮಂತದ ಸುದ್ದಿ ಹೇಳುತ್ತಲೇ ನಾಲ್ಕು ಮೂಲೆ ಮುಗಿಸಿದಳು. ಹೊಲಿಗೆ ಮಾತ್ರ ಗಟ್ಟಿ. ಅದರ ಮೇಲೆ ನೀರಿಳಿಯದಂತೆ ಬಿಸಿ ಮಾಡಿ ಪಟ್ಟಿ ಅಂಟಿಸಿದರು. ಸುಟ್ಟಿತೇ ಎಂದು ಕೇಳಿದರೆ ನೆನಪಿಲ್ಲ. ನನಗೆ ಹುಟ್ಟಿನಿಂದಲೂ ಯಾವುದೂ ಬೇಗ ತಟ್ಟುವುದಿಲ್ಲ.

ಅಂಗಡಿಯಲ್ಲಿ ನನ್ನ ಪಕ್ಕ ಕಿತ್ತಳೆ ಬಣ್ಣದ್ದೊಂದು, ನೀಲಿಯದೊಂದು ಇದ್ದವು. ಮೂವತ್ತೈದರ ಆಸುಪಾಸಿನ ನಾಲ್ವರು ಗಂಡಸರು ಬಂದರು. ತುಮಕೂರಿನ ಪಾಲಿಟೆಕ್ನಿಕ್‌ನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. "ಹಸಿರೇ ಇರ್ಲಿ ಕಣ್ರೋ, ಕಾಡಿಗೆ ಕಾಡಿನ ಬಣ್ಣ" ಎಂದ ಚನ್ನಕೇಶವ. ಅವನು ಸರ್ವೇಯರ್. ಅಳೆಯುವುದು, ಎಣಿಸುವುದು, ಅಪ್ಪಣೆ ಕೊಡುವುದು ಅವನ ಕೆಲಸ. ಅಡುಗೆಯ ಹೊಣೆ ಟೈರ್ ಅಂಗಡಿಯ ಇಮ್ತಿಯಾಜನದು. ಲೋಹಿತಾಶ್ವ ವಿದ್ಯುತ್ ಇಲಾಖೆಯವನು, ಮಾತಿನ ಮಲ್ಲ. ನಾಲ್ಕನೆಯವನು ರೇಣುಕಪ್ರಸಾದ, ಗುಬ್ಬಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ನಿಧಾನದ ಮನುಷ್ಯ. ಕಾಲೇಜಿಗೂ ದಿನಾ ಬಸ್ಸು ತಪ್ಪಿಸಿಕೊಂಡು ತಡವಾಗಿ ಬರುತ್ತಿದ್ದನಂತೆ. ಹಾಜರಿ ಕೂಗುವಾಗ ಅವನ ನಂಬರಿಗೆ "ಪ್ರೆಸೆಂಟ್ ಸಾರ್" ಎಂದು ಪ್ರಾಕ್ಸಿ ಕೊಡುತ್ತಿದ್ದವನು ಲೋಹಿತ.

ಗುಡ್ಡ ಹತ್ತುವಾಗ ಒಬ್ಬನಿಗೇ ಭಾರವಾಗಬಾರದೆಂದು ನನ್ನನ್ನು ಹಂಚಿಕೊಳ್ಳುತ್ತಿದ್ದರು. ಗೂಟ ಕೇಶವನಿಗೆ, ಕಂಬಿ ಲೋಹಿತನಿಗೆ, ಬಟ್ಟೆ ರೇಣುವಿಗೆ. "ಬಟ್ಟೆ ಇವನ ಹತ್ರ ಇದ್ರೆ ಇವನು ಬರೋವರೆಗೂ ಯಾರಿಗೂ ನಿದ್ದೆ ಇಲ್ಲ, ಇವನನ್ನ ಮರೆಯೋ ಹಾಗೂ ಇಲ್ಲ" ಎಂದು ಕೇಶವ ನಗುತ್ತಿದ್ದ. ನಾಲ್ವರೂ ತಲುಪಿದರಷ್ಟೇ ನಾನು ಟೆಂಟು. ವರ್ಷಕ್ಕೊಮ್ಮೆ ಎರಡು ದಿನ, ಹೀಗೆ ಆರು ವರ್ಷ ನಡೆಯಿತು. ಒಳಗೆ ನಾಲ್ಕು ಜೋಡಿ ಒದ್ದೆ ಕಾಲುಚೀಲದ ವಾಸನೆ, ಇಮ್ತಿಯಾಜನ ಗೊರಕೆ. ಇದನ್ನೇ ಸುಖವೆನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು.

ಏಳನೆಯ ವರ್ಷ ಆಷಾಢದಲ್ಲಿ ಹೊರಟರು. ಆ ಗಾಳಿಯಲ್ಲಿ ಗುಡ್ಡಕ್ಕೆ ಹೋಗಬಾರದಿತ್ತು. ಆದರೆ ರಜೆ ಸಿಕ್ಕಿದ್ದೇ ಆ ಶನಿವಾರ. ಬೆಳಗಿನಿಂದ ಮಳೆ. ಹುಲ್ಲುಗಾವಲಿನ ಏಣು ಹತ್ತುವ ಹೊತ್ತಿಗೆ ಮಂಜು ಎಷ್ಟು ಕವಿಯಿತೆಂದರೆ ಮುಂದಿನವನ ಬೆನ್ನೂ ಕಾಣದು. ಅರ್ಧ ಗಂಟೆಗೊಮ್ಮೆ ಕೇಶವ ನಿಂತು ಎಣಿಸುತ್ತಿದ್ದ. ಅವನು "ಒಂದು" ಎನ್ನಬೇಕು, ಇಮ್ತಿಯಾಜ "ಎರಡು", ಲೋಹಿತ "ಮೂರು", ಕೊನೆಗೆ ರೇಣು "ನಾಲ್ಕು".

ಸಂಜೆ ನಾಲ್ಕರ ಸುಮಾರಿಗೆ ರೇಣು ಒಂದು ಬಂಡೆಯ ಹಿಂದೆ ಕೂತು ಕಾಲಿಗೆ ಹತ್ತಿದ ಜಿಗಣೆ ಕೀಳುತ್ತಿದ್ದ. ಮೇಲಿನಿಂದ ಎಣಿಕೆ ಕೇಳಿಸಿತು. ಒಂದು. ಎರಡು. ಮೂರು. ಇವನು ಬಾಯಿ ತೆರೆಯುವುದರೊಳಗೆ ನಾಲ್ಕು ಎಂಬುದೂ ಬಂತು, ಲೋಹಿತನ ದನಿಯಲ್ಲಿ.

ರೇಣು ನಕ್ಕುಬಿಟ್ಟ. "ಬಡ್ಡಿಮಗ, ಇನ್ನೂ ಪ್ರಾಕ್ಸಿ ಕೊಡ್ತಾನೆ." ಹಿಂದೆಯೇ ಏದುಸಿರು ಬಿಡುತ್ತ ಬರುತ್ತಿದ್ದಾನೆ, ಪಾಪ, ಕೂಗುವ ಶ್ರಮ ಯಾಕೆ ಎಂದುಕೊಂಡಿರಬೇಕು ಲೋಹಿತ. ಪ್ರೀತಿಯಿಂದಲೇ ಅಂದದ್ದು.

ಅವಸರದಲ್ಲಿ ಎದ್ದ ರೇಣು ಜಾರಿಬಿದ್ದ. ಪಾದ ಕಲ್ಲುಗಳ ನಡುವೆ ಸಿಕ್ಕಿ ಹೊರಳಿತು. ಎದ್ದು ನಿಲ್ಲಲು ಮೂರು ಸಲ ನೋಡಿದ, ಆಗಲಿಲ್ಲ. ಕೂಗಿದ. ಗಾಳಿ ಮೇಲಿನಿಂದ ಬೀಸುತ್ತಿತ್ತು. ಅವರ ಮಾತು ಇವನಿಗೆ ಬರುತ್ತಿತ್ತೇ ಹೊರತು ಇವನ ಕೂಗು ಅವರಿಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಮಾತೂ ನಿಂತಿತು.

ನನ್ನನ್ನು ಚೀಲದಿಂದ ಎಳೆದು, ಗೋಣಿಚೀಲದೊಳಗೆ ಹೊಕ್ಕಂತೆ ಒಳಹೊಕ್ಕ. ಕಂಬಿಯಿಲ್ಲದ ನಾನು ಅವನ ಮುಖಕ್ಕೇ ಅಂಟಿಕೊಂಡೆ. ಮೊದಲು ಗದಗದ ನಡುಗುತ್ತಿದ್ದ. "ಬೆರಳು ಇದಾವೋ ಇಲ್ವೋ ಗೊತ್ತಾಗ್ತಿಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಎಷ್ಟೋ ಹೊತ್ತಿನ ಮೇಲೆ ನಡುಕ ನಿಂತಿತು. ನಾನು ಒಳ್ಳೆಯದಾಯಿತೆಂದುಕೊಂಡೆ. ಅದು ಒಳ್ಳೆಯದಲ್ಲವೆಂದು ನನಗೇನು ಗೊತ್ತು?

ತುದಿ ಅಲ್ಲಿಂದ ಅರ್ಧ ಗಂಟೆಯ ದಾರಿಯೂ ಇರಲಿಲ್ಲ, ಆಮೇಲೆ ಎಣಿಕೆಯೇ ಆಗಲಿಲ್ಲ. ಉಳಿದ ಮೂವರಿಗೆ ತಿಳಿದದ್ದು ತುದಿಯಲ್ಲಿ ಕಂಬಿ ಜೋಡಿಸಿ, ಬಟ್ಟೆಗೆ ಕೈ ಚಾಚಿದಾಗಲಂತೆ. ಟಾರ್ಚು ಹಿಡಿದು ಇಳಿದು ಹುಡುಕಿದ್ದಾರೆ. ಒಮ್ಮೆ ತೀರಾ ಹತ್ತಿರವೇ ಬೂಟಿನ ಸದ್ದು ಬಂದು ದೂರವಾಯಿತು; ಕೂಗಲು ರೇಣುವಿಗೆ ಆಗ ಎಚ್ಚರವಿರಲಿಲ್ಲ. ಹಸಿರು ಹುಲ್ಲಿನಲ್ಲಿ ಹಸಿರು ಬಟ್ಟೆ. ಆ ಕಿತ್ತಳೆಯದನ್ನು ಕೊಂಡಿದ್ದರೆ ಅವನು ಆಗಲೇ ಸಿಗುತ್ತಿದ್ದ.

ಬೆಳಕು ಹರಿದ ಮೇಲೆ ಇಮ್ತಿಯಾಜ ನನ್ನನ್ನೇ ಎಡವಿದ. ಜಿಪ್ ಎಳೆದು, "ಯಾ ಅಲ್ಲಾ, ಉಸಿರಿದೆ ಕಣ್ರೋ!" ಎಂದು ಕಿರುಚಿದ. ಅಂಗಿ ಬಿಚ್ಚಿ ಒಣಗಿದ್ದು ತೊಡಿಸಿದರು, ಮಧ್ಯೆ ಕೂರಿಸಿ ಅಪ್ಪಿಕೊಂಡರು, ಬೆಲ್ಲದ ಬಿಸಿನೀರು ಕುಡಿಸಿದರು. ರೇಣುವಿನ ಕಣ್ಣಿಗೆ ನೋಟ ಬಂದ ಮೇಲೆ ಕೇಶವನ ಭಯ ಸಿಟ್ಟಾಗಿ ತಿರುಗಿತು.

"ನಾನು ಎಣಿಸಿದೀನಿ. ನಾಲ್ಕು ಅಂತ ಕೇಳಿಸ್ಕೊಂಡಿದೀನಿ. ಯಾರೋ ಅಂದಿದ್ದು?"

ಲೋಹಿತ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ.

"ನಾನೇ ಕಣೋ" ಎಂದ ರೇಣು. "ಕೂಗಿದ್ಮೇಲೆ ಬಿದ್ದೆ."

ಕೇಶವ ನಂಬಿದ. ಲೋಹಿತನಿಗೆ ಮಾತ್ರ ಎಲ್ಲ ತಿಳಿಯಿತು. ತಾನು ಅಂದದ್ದು ಇವನಿಗೆ ಕೇಳಿಸಿದೆ, ಕೇಳಿಸಿಯೂ ತನ್ನನ್ನು ಕಾಪಾಡುತ್ತಿದ್ದಾನೆ. ಆ ಕ್ಷಣದಿಂದ ಅವನು ರೇಣುವಿನ ಮುಖ ನೋಡಲಿಲ್ಲ. ಆಸ್ಪತ್ರೆಗೆ ಬಂದವನು ಮಂಚದ ಕಾಲಿನ ಹತ್ತಿರ ನಿಂತು, ಡ್ರಿಪ್ ಬಾಟಲಿಯನ್ನೇ ನೋಡುತ್ತ ಎರಡು ಮಾತಾಡಿ ಹೋದನಂತೆ. ಆಮೇಲೆ ಫೋನ್ ಮಾಡುವುದನ್ನೂ ಬಿಟ್ಟ. ಅವನಿಲ್ಲದೆ ಉಳಿದವರಿಗೂ ಹೋಗುವ ಮನಸ್ಸಾಗಲಿಲ್ಲ. ಮೂರು ಮನೆಗೆ ಹಂಚಿಹೋದ ನಾನು ಮತ್ತೆ ಒಂದಾಗಲಿಲ್ಲ.

ರೇಣುವಿನ ಮನೆಯ ತಾರಸಿಯಲ್ಲಿ ನನಗೆ ಹೊಸ ಕೆಲಸ ಸಿಕ್ಕಿತು. ಒಣಗಲು ಹರವಿದ ಕೊಬ್ಬರಿಗೆ ಮಳೆ ಬಂದಾಗ ಹೊದಿಕೆ. ಎಣ್ಣೆ ಹತ್ತಿತು, ಇಲಿ ಎರಡು ಕಡೆ ಕಡಿಯಿತು, ಅಂಟಿಸಿದ ಪಟ್ಟಿ ಹಪ್ಪಳದಂತೆ ಎದ್ದಿತು. ಈಗ ನನ್ನೊಳಗೆ ನೀರು ಸಲೀಸಾಗಿ ಇಳಿಯುತ್ತದೆ. ಬೇಸರವೇನೂ ಇಲ್ಲ, ಸಂತೋಷವೂ ಇಲ್ಲ. ಹನ್ನೊಂದು ವರ್ಷ ಹೀಗೆ ಕಳೆಯಿತು.

ಮೊನ್ನೆ ಭಾನುವಾರ ಬೆಳಿಗ್ಗೆ ರೇಣು ಸ್ನಾನದ ಮನೆಯಲ್ಲಿದ್ದಾಗ ಗೇಟಿನ ಹತ್ತಿರ ಆಟೋ ನಿಂತಿತು. ತಾರಸಿಯ ಕಟ್ಟೆಯ ಮೇಲಿದ್ದ ನನಗೆ ಬೋಳುತಲೆಯೊಂದು ಕಂಡಿತು. ಲೋಹಿತನೆಂದು ಗುರುತು ಸಿಕ್ಕಿದ್ದು ಅವನ ಕೈಯಲ್ಲಿದ್ದ ಕಂಬಿಗಳಿಂದ. "ಇದು ರೇಣೂದು, ಕೊಟ್ಬಿಡಿ ಅತ್ತಿಗೆ" ಎಂದು ರೇಣುವಿನ ಹೆಂಡತಿ ಮಂಗಳಾಳ ಕೈಗೆ ಕೊಟ್ಟು ಹೊರಟೇಬಿಟ್ಟ. ಒದ್ದೆ ಮೈಯಲ್ಲೇ ರೇಣು ಬೀದಿಗೆ ಓಡಿದ. ಆಟೋ ತಿರುವು ದಾಟಿತ್ತು.

"ಕೂತ್ಕೊಳ್ಳಿ ಅನ್ಬಾರ್ದಿತ್ತಾ?"

"ಅಂದೆ ಕಣ್ರೀ. ಆಟೋದಲ್ಲಿ ಯಾರೋ ಕಾಯ್ತಿದಾರೆ ಅಂದ್ರು. ಅದ್ರಲ್ಲಿ ಯಾರೂ ಇರ್ಲಿಲ್ಲ."

ರೇಣು ಕಂಬಿಗಳನ್ನು ತಾರಸಿಗೆ ತಂದು ನನ್ನ ಪಕ್ಕ ಇಟ್ಟ. ತುಕ್ಕಿಲ್ಲ. ಯಾರೋ ವರ್ಷ ವರ್ಷವೂ ಒರೆಸಿಟ್ಟಿದ್ದರು. ಅವುಗಳನ್ನು ಕಂಡು ನನಗೆ ಏನೋ ಆಯಿತು. ದುಃಖವೆಂದೇ ಹೇಳುತ್ತೇನೆ.

"ಅವತ್ತು ಅಲ್ಲೇ ಎರಡು ಬೈದಿದ್ರೆ ಸಂಜೆಗೆಲ್ಲ ಸರಿಹೋಗೋದು ಮಂಗಳಾ" ಎಂದ ರೇಣು. "ಕೂಗಿದ್ದು ನಾನೇ ಅಂತ ಹೇಳಿ ದೊಡ್ಡ ಮನುಷ್ಯ ಆಗೋಕೆ ಹೋದೆ."

"ಈಗ ಬೈರಿ" ಎಂದು ಅವಳು ಫೋನ್ ಕೈಗಿಟ್ಟು ಕೆಳಗಿಳಿದಳು.

ರೇಣು ನನ್ನ ಮೇಲೆ ಕೂತು ತುಂಬಾ ಹೊತ್ತು ಫೋನನ್ನೇ ನೋಡಿದ. ಆಮೇಲೆ ಒತ್ತಿದ. ಆ ಕಡೆಯಿಂದ "ಹಲೋ" ಬಂತೋ ಇಲ್ಲವೋ, ಇವನು ಶುರುಮಾಡಿದ.

"ಲೇ ಬಡ್ಡಿಮಗನೆ, ಬಂಡೆ ಹಿಂದೆ ಜೀವಂತ ಕೂತಿದ್ದೆ ಕಣೋ ನಾನು! ನನ್ನ ನಂಬರು ನೀನ್ಯಾಕೋ ಕೂಗ್ದೆ?"

ಆ ಕಡೆ ಗಂಡಸೊಬ್ಬ ಬಾಯಿಬಿಟ್ಟು ಅಳುವುದು ನನಗೂ ಕೇಳಿಸಿತು. ರೇಣು ನಿಲ್ಲಿಸಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಹನ್ನೊಂದು ವರ್ಷದ್ದನ್ನೆಲ್ಲ ಬೈದ.