ಪಾಂಡವರ ಸಾಲಿಗೆ ಬಂದ ಅಣುಸ್ಥಾವರದ ಕಲ್ಲು

ಕನ್ನಡನಾಡು ಒಂದಾಗಲು ಕೆಲವೇ ದಿನಗಳು ಉಳಿದಿದ್ದವು. ಮುಂಡರಗಿ ಸೀಮೆಯಲ್ಲಿ, ಹೊಳೆಯ ದಂಡೆಯ ಒಂದೂರು. ಶೀಗಿಹುಣ್ಣಿಮೆಯ ಮುಂಜಾನೆ ಯಮನೂರಪ್ಪನೂ ಹೆಂಡತಿ ಹನಮಂತವ್ವನೂ ಬುತ್ತಿ ಹೊತ್ತು ಹೊಲಕ್ಕೆ ಹೋದರು. ತೆನೆಗಟ್ಟುವ ಹೊಲ ಬಸುರಿ ಹೆಣ್ಣು; ಅಂದು ಅವಳಿಗೆ ಬಯಕೆಯೂಟ. ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಎಡೆಯ ಅನ್ನವನ್ನು ಚರಗವೆಂದು ಹೊಲದ ತುಂಬ ಚೆಲ್ಲುವುದು ರೂಢಿ.

ಆ ಸಲ ಬದುವಿನ ಮೇಲೆ ಸುಣ್ಣ ಬಳಿದ ಐದು ಕಲ್ಲುಗಳು ಮೊದಲೇ ನಿಂತಿದ್ದವು. ಯಾವ ಪುಣ್ಯಾತ್ಮನ ಕೆಲಸವೋ ಎಂದುಕೊಂಡ ಯಮನೂರಪ್ಪ ಐದನ್ನೂ ಕಿತ್ತು ತಂದು ಕೂರಿಸಿದನು. ಹನಮಂತವ್ವ ಕುಂಕುಮವಿಟ್ಟು ಕಡುಬಿನ ಎಡೆಯಿಟ್ಟಳು.

ಮರುದಿನ ಹೊಲ ಅಳೆಯುವ ಮೋಜಣಿ ಸಾಹೇಬರು ಮನೆ ಬಾಗಿಲಿಗೆ ಬಂದರು.

"ಸರಕಾರಿ ಕಲ್ಲು ಕಿತ್ತವರು ಯಾರು? ಇದಕ್ಕ ಜೇಲು ಐತಿ."

"ನಂದ ತಪ್ಪರಿ ಯಪ್ಪಾ," ಎಂದನು ಯಮನೂರಪ್ಪ. "ಸುಣ್ಣಾ ಹಚ್ಚಿದ್ದು ಕಂಡು ಆಸಿ ಆತು. ಜಲ್ದಿ ನೆಟ್ಟು ಬರತೇನಿ."

"ಮೈಗಳ್ಳಗ ದೇವರೂ ತಯಾರ ಬೇಕು ನೋಡ್ರಿ," ಎಂದಳು ಹನಮಂತವ್ವ. "ಆದ್ರ ಪೂಜಾ ಆದ ಕಲ್ಲು ಅವು. ಸಾಹೇಬ್ರ, ನಮ್ಮ ಹೊಲದಾಗ ಯಾಕ ನೆಟ್ಟಿದ್ರಿ? ಮದಲ ಅದನ್ನ ಹೇಳ್ರಿ."

"ಅಣುವಿನಿಂದ ಕರೆಂಟ್ ಮಾಡೂ ಸ್ಥಾವರಕ್ಕ ಜಾಗಾ ನೋಡಾಕತ್ತೇವಿ. ಹೊಳಿ ನೀರು ಹತ್ರ ಐತಿ. ಹೊಲಕ್ಕ ಪರಿಹಾರ ಬರತೈತಿ. ನಾಳೆ ಚಾವಡಿಗೆ ಬಂದು ಹೆಬ್ಬೆಟ್ಟು ಒತ್ರಿ."

ಸಾಹೇಬರು ಹೋದ ಮೇಲೆ ಹರ್ತಿಯ ಚನ್ನಬಸವಣ್ಣ ಬಂದನು. ಯಮನೂರಪ್ಪನ ಹಳೆಯ ಗೆಳೆಯ. ನಲವತ್ತೆರಡರ ಚಳವಳಿಯಲ್ಲಿ ಜೇಲಿಗೆ ಹೋದವನು, ಗದಗಿಗೆ ಹೋದಾಗಲೆಲ್ಲ ಪತ್ರಿಕೆ ಓದಿ ಬರುವವನು. ನಡೆದುದನ್ನೆಲ್ಲ ಕೇಳಿದನು.

"ಒತ್ತಿ ಬಿಡತೇನಿ," ಎಂದನು ಯಮನೂರಪ್ಪ. "ಬಿಳಿಯರು ಹೋದ್ರು, ಈಗ ಸರಕಾರ ನಮ್ಮದ ಐತಿ. ಮನಿ ಹಿರ್ಯಾಗ ಎದರ ಮಾತಾಡತಾರೇನು?"

"ಲೇ ಯಮನೂರ, ಬಿಳಿಯರನ್ನ ಕೇಳಿದ್ದಕ್ಕ ನಾ ಜೇಲಿನ ಮುದ್ದಿ ತಿಂದೆ. ನಮ್ಮವರನ್ನ ಚಾವಡ್ಯಾಗ ಕುಂತು ಕೇಳಬಹುದು. ಸ್ವಾತಂತ್ರ್ಯ ಅಂದ್ರ ಇಷ್ಟ ಫರಕ. ಅದನ್ನೂ ಬಿಟ್ಟರ ಏನ ಉಳೀತು?"

"ಅಣ್ಣಾ, ಅಣು ಅಂದ್ರ ಜಪಾನದಾಗ ಊರು ಸುಟ್ಟದ್ದು ಹೌದಲ್ಲ?" ಎಂದು ಹನಮಂತವ್ವ ಕೇಳಿದಳು.

"ಶಕ್ತಿ ಎರಡಕ್ಕೂ ಒಂದ, ಖರೆ. ಆದ್ರ ಸ್ಥಾವರ ಬಾಂಬಿನಂಗ ಸಿಡಿಯೂದಿಲ್ಲವ್ವಾ. ಸುಳ್ಳ ಹೆದರಿಕಿ ಬ್ಯಾಡ. ಹೊಗಿ ಇಲ್ಲದ ಕರೆಂಟು ಬರತೈತಿ. ಬೆಟಗೇರಿ ಮಗ್ಗಕ್ಕೂ ಬೇಕು, ನಿಮ್ಮ ಹೊಲಕ್ಕೂ ಬೇಕು. ಆದ್ರ ಸ್ಥಾವರ ಬಿಡೂ ಬೂದಿ ನಮ್ಮ ಒಲಿ ಬೂದಿ ಅಲ್ಲ. ತಿಪ್ಪಿಗಿ ಚೆಲ್ಲಾಕ ಬರೂದಿಲ್ಲ. ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಅದರ ವಿಷ ಇಳಿಯೂದಿಲ್ಲ."

ಯಮನೂರಪ್ಪ ಹೊಲದ ದಿಕ್ಕಿಗೆ ತಿರುಗಿದನು. ನಿನ್ನೆಯಷ್ಟೇ ಉಣಿಸಿ ಬಂದ ನೆಲ ಅವನ ಕಣ್ಣೊಳಗೆ ಕಪ್ಪಗೆ ಹಾಸಿಕೊಂಡಿತ್ತು.

"ಹಂಗಾರ ಆ ಬೂದಿ ಎಲ್ಲಿ ಇಡತಾರ?"

"ನನ್ನ ಯಾಕ ಕೇಳತಿ? ಕೇಳೂ ಜಾಗಾದಾಗ ಕೇಳು."

ಮರುದಿನ ಚಾವಡಿಯಲ್ಲಿ ಊರೇ ನೆರೆದಿತ್ತು. ಸಾಹೇಬರು ಇಂಗ್ಲಿಷಿನ ಕಾಗದ ಹರಡಿ, ಮಸಿಯ ಡಬ್ಬಿ ಮುಂದೆ ಸರಿಸಿದರು. ಯಮನೂರಪ್ಪ ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡನು.

"ಬೂದಿ ಎಲ್ಲಿ ಇಡತೀರಿ? ಹೊಳಿ ನೀರಿಗಿ ಏನಾಗತೈತಿ? ಅವಘಡ ಆದ್ರ ನಾವು ಯಾವ ದಾರಿ ಹಿಡೀಬೇಕು? ಕರೆಂಟು ನಮ್ಮೂರಿಗಿ ಬರತೈತೋ, ಇಲ್ಲಾ ನಮ್ಮ ತಲಿ ಮ್ಯಾಲಿಂದ ಹಾದ ಹೋಗತೈತೋ?"

"ಅದೆಲ್ಲಾ ಮ್ಯಾಲಿನವರಿಗಿ ಗೊತ್ತೈತಿ."

"ಹಂಗಾರ ಮ್ಯಾಲಿನವರನ್ನ ಕರಕೊಂಡ ಬರ್ರಿ. ಈ ಕಾಗದಾನೂ ಕನ್ನಡದಾಗ ಬರಸ್ಕೊಂಡ ಬರ್ರಿ. ರೊಟ್ಟಿ ಊಟಾ ನಮ್ಮನ್ಯಾಗ. ಅಲ್ಲೀತನಕಾ ಹೆಬ್ಬೆಟ್ಟು ನನ್ನ ಕೈಯಾಗ ಇರಲಿ."

ಸಾಹೇಬರು ಉಳಿದವರತ್ತ ನೋಡಿದರು. ಗಂಡಸರ ಕೈಗಳು ಒಂದೊಂದಾಗಿ ಕಂಬಳಿಯೊಳಗೆ, ಹೆಂಗಸರ ಕೈಗಳು ಸೆರಗಿನೊಳಗೆ ಸೇರಿದವು. ಮಸಿ ಡಬ್ಬಿಯಲ್ಲೇ ಒಣಗಿತು; ಐದು ಕಲ್ಲೂ ಬನ್ನಿಗಿಡದ ಕೆಳಗೇ ಉಳಿದವು.

ಬಂಧುಗಳೇ, ಹೊಸ ಅಣುವಿದ್ಯುತ್ ಸ್ಥಾವರಗಳನ್ನು ಕಟ್ಟುವೆನೆಂದು ಸರಕಾರ ಇಂದೂ ಪಣ ತೊಟ್ಟಿದೆ. ಬೆಳಕು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಬೆಳಕಿನ ಹೆಸರಿನಲ್ಲಿ ನಮ್ಮನ್ನು ಕತ್ತಲಲ್ಲಿಡುವ ಹಕ್ಕು ಯಾರಿಗೂ ಇಲ್ಲ. ನಿಮ್ಮೂರಿನಲ್ಲಿ ಅಹವಾಲು ಸಭೆ ನಡೆದರೆ ಮನೆಮಂದಿಯೆಲ್ಲ ಹೋಗಿರಿ; ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳಿರಿ. ತಿಳಿಯದ್ದನ್ನು ಕೇಳಿರಿ, ಉತ್ತರವನ್ನು ಕನ್ನಡದಲ್ಲಿ, ಬರಹದಲ್ಲಿ ಪಡೆಯಿರಿ. ಸಿಗುವವರೆಗೆ ಎದ್ದು ಬರಬೇಡಿರಿ.