ಹೊಳೆಯದ ಚುಕ್ಕೆ

ಹೇಮಶ್ರೀಗೆ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ. ಚಾಮರಾಜಪೇಟೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನೈದು ವರ್ಷ ಕಳೆದರೂ ವರದಿ ಬರೆದು ಕೈತೊಳೆದುಕೊಳ್ಳುವ ಜಾಯಮಾನ ಅವಳದಾಗಲಿಲ್ಲ. ಹೀಗೇಕಾಯಿತು ಎಂದು ತಿಳಿಯದಿದ್ದರೆ ಮಧ್ಯಾಹ್ನದ ಮೊಸರನ್ನವೂ ರುಚಿಸುತ್ತಿರಲಿಲ್ಲ.

ಅಂದು ಬಿನ್ನಿಪೇಟೆಯ ಗಂಗರತ್ನಮ್ಮ ಒಂಬತ್ತು ದಿನದ ಮೊಮ್ಮಗನನ್ನು ಎತ್ತಿಕೊಂಡು ಬಂದರು. ಹಿಂದೆಯೇ ಬಾಣಂತಿ ಮಗಳು ಮೀನಾ. ಮಗುವಿನ ಮೈ ಅರಿಸಿನ ಬಳಿದ ಹಾಗಿತ್ತು. ರಕ್ತಕಣಗಳು ಏಕೆ ಒಡೆಯುತ್ತಿವೆಯೆಂದು ತಿಳಿಯಲು ಡಾಕ್ಟರು ಒಂದು ಕಿಣ್ವದ ಪರೀಕ್ಷೆ ಬರೆದಿದ್ದರು. ಅಜ್ಜಿಗೆ ಮಾತ್ರ ಕಾರಣ ಆಗಲೇ ಗೊತ್ತಿತ್ತು: ಮಗಳ ಎದೆಹಾಲು. ಬೆಳಗಿನಿಂದ ಕುಡಿಸಲು ಬಿಟ್ಟಿರಲಿಲ್ಲ. ಮೀನಾ ಅತ್ತು ಅತ್ತು ಸೋತಿದ್ದಳು.

ಹೇಮಶ್ರೀ ಕಿಟ್ಟಿನ ದ್ರಾವಣಕ್ಕೆ ಮಗುವಿನ ರಕ್ತದ ಹನಿ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಕಾಗದದ ಮೇಲೆ ಚುಕ್ಕೆಯಿಟ್ಟು ನೇರಳೆ ದೀಪದಡಿ ಹಿಡಿದಳು. ಕಿಣ್ವವಿದ್ದರೆ ಚುಕ್ಕೆ ಹೊಳೆಯಬೇಕು. ಹೊಳೆಯಲಿಲ್ಲ. ಕಿಟ್ಟೇ ಕೆಟ್ಟಿದೆಯೇನೋ ಎಂದು ತನ್ನ ಬೆರಳು ಚುಚ್ಚಿ, ಪಕ್ಕದಲ್ಲಿ ಇನ್ನೊಂದು ಚುಕ್ಕೆಯಿಟ್ಟಳು. ಅದು ಹೊಳೆಯಿತು.

ಫಲಿತಾಂಶ ಕೇಳಿ ಡಾಕ್ಟರು ಫೋನಿನಲ್ಲೇ ಮಗುವನ್ನು ಕೂಡಲೇ ಆಸ್ಪತ್ರೆಗೆ ಕಳಿಸಲು ಹೇಳಿದರು. ಈ ಕೊರತೆ ಹುಟ್ಟಿನಿಂದ ಬಂದದ್ದು, ಆದರೆ ಸುಮ್ಮನಿದ್ದ ರಕ್ತವನ್ನು ಏನೋ ಕೆಣಕಿರಬೇಕು, ಹಾಲಂತೂ ಅಲ್ಲ ಎಂದರು. ಏನದು? ಏನೋ ಘಾಟು ಮೂಗಿಗೆ ಬಡಿದು ಹೇಮಶ್ರೀ ಬಗ್ಗಿ, ಮಗುವಿಗೆ ಸುತ್ತಿದ್ದ ಬಟ್ಟೆ ಮೂಸಿದಳು.

"ಈ ಬಟ್ಟೆ ಎಲ್ಲಿತ್ತಮ್ಮ?"

"ಟ್ರಂಕಲ್ಲಿ. ನನ್ನ ಹಳೇ ಸೀರೆ. ಹಸುಗೂಸಿಗೆ ಹೊಸ ಬಟ್ಟೆ ಹಾಕ್ಬಾರ್ದಲ್ವಾ? ನುಸಿಗುಳಿಗೆ ಹಾಕಿ ಜೋಪಾನವಾಗಿ ಇಟ್ಟಿದ್ದೆ."

ಫೋನು ಇನ್ನೂ ಕೈಯಲ್ಲಿತ್ತು. ನುಸಿಗುಳಿಗೆ ಎಂದೊಡನೆ ಡಾಕ್ಟರು, ಅದರ ಘಾಟಿಗೇ ಇಂಥ ಮಕ್ಕಳ ರಕ್ತ ಒಡೆಯುತ್ತದೆ, ಮೊದಲು ಆ ಬಟ್ಟೆ ತೆಗೆಸು ಎಂದರು. ಹೇಮಶ್ರೀ ಸೀರೆ ಬಿಚ್ಚಿ, ತನ್ನ ದುಪಟ್ಟಾ ಸುತ್ತಿದಳು.

"ಹಾಲಿಂದ ಅಲ್ಲಮ್ಮ, ಈ ಗುಳಿಗೆಯಿಂದ. ಇವತ್ತೇ ಗೊತ್ತಾಯ್ತಲ್ಲ, ಆಸ್ಪತ್ರೇಲಿ ನೋಡ್ಕೊತಾರೆ."

ಗಂಗರತ್ನಮ್ಮ ಬೆಂಚಿನ ಮೇಲೆ ಕೂತರು. ಬಿಚ್ಚಿದ ಸೀರೆಯನ್ನೇ ನೋಡಿದರು.

"ಮೀನಾಗಿಂತ ಮುಂಚೆ ಒಬ್ಬ ಹುಟ್ಟಿದ್ದ," ಎಂದರು. "ಅವನೂ ಹೀಗೇ ಹಳದಿಯಾಗಿ ಹೋಗ್ಬಿಟ್ಟ. ನಿನ್ನ ಹಾಲೇ ವಿಷ ಅಂದ್ರು ನಮ್ಮತ್ತೆ. ಅವನಿಗೂ ಟ್ರಂಕಿನ ಬಟ್ಟೇನೇ ಸುತ್ತಿದ್ದು."

ಆ ಮಗುವಿನ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ಅದಕ್ಕೂ ಗುಳಿಗೆಯೇ ಕಾರಣವೆನ್ನಲು ಹೇಮಶ್ರೀಯ ಬಳಿ ಯಾವ ಚುಕ್ಕೆಯೂ ಇರಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವಳು ಮುಂದೆ ಏನೂ ಕೇಳಲಿಲ್ಲ.

ಗಂಗರತ್ನಮ್ಮ ಎದ್ದು ಮಗುವನ್ನು ಮೀನಾಳ ಮಡಿಲಿಗೆ ಹಾಕಿದರು.

"ಆಟೋ ಬರೋಷ್ಟರಲ್ಲಿ ಕುಡಿಸ್ಬಿಡು, ಮಗಳೇ," ಎಂದು, ಮರೆಗೆ ತಮ್ಮ ಸೆರಗನ್ನು ಹರವಿ ಹಿಡಿದು ನಿಂತರು.